ನೋಟ್‌ಬುಕ್ಕಿನ ನಡುಗೆರೆ ಅಳಿಸಿ: ಗಟ್ಟಿ ಇಂಗ್ಲಿಷ್ ಪದ ಕಲಿಯುವ ದಾರಿ

ನನ್ನ ಅಣ್ಣನ ಮಗ ಇಂಡಿ ಕಡೆಯ ಹಳ್ಳಿಯಿಂದ ವಿಜಯಪುರಕ್ಕೆ ಬಂದಿದ್ದಾನೆ. ನಮ್ಮ ಮನೆಯಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಅವನ ಹತ್ತಿರ 200 ಪುಟದ ಒಂದು ನೋಟ್‌ಬುಕ್ ಇದೆ. ಪ್ರತಿ ಪುಟಕ್ಕೂ ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದಾನೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ಒಂದು ರಾತ್ರಿ ಊಟಕ್ಕೆ ಕೂತಾಗ ಅದನ್ನು ತಿರುವಿ ಹಾಕಿದೆ. ಅಬ್ಯಾಂಡನ್ – ತ್ಯಜಿಸು. ನಾಲ್ಕು ಸಾಲು ಕೆಳಗೆ, ಅಬ್ಡಿಕೇಟ್ – ತ್ಯಜಿಸು.

"ಹಂಗಾರ ತಮ್ಮಾ, ಅಂವ ಹೆಂಡ್ತಿ ಮಕ್ಕಳನ್ನ ಅಬ್ಡಿಕೇಟ್ ಮಾಡಿ ಹೋದ ಅಂತ ಬರೀಬಹುದೇನು?" ಅಂದೆ.

"ಬರೀಬಹುದಲ್ರಿ ಕಾಕಾ. ಎರಡಕ್ಕೂ ಅರ್ಥ ಒಂದ ಐತಲ್ಲ."

ತಪ್ಪು ಅವನದಲ್ಲ, ಆ ನಡುಗೆರೆಯದು. ಹೆಂಡತಿ ಮಕ್ಕಳನ್ನು, ಊರನ್ನು, ಕೆಟ್ಟು ನಿಂತ ಗಾಡಿಯನ್ನು ಬಿಟ್ಟು ಹೋದರೆ ಅಬ್ಯಾಂಡನ್. ಅಬ್ಡಿಕೇಟ್ ಮಾಡುವುದು ಗಾದಿಯನ್ನು, ಇಲ್ಲವೇ ಹೊಣೆಯನ್ನು. ಅದೂ ತಾನಾಗಿ ಬಿಟ್ಟುಕೊಟ್ಟರೆ ಮಾತ್ರ. ನಮ್ಮೂರಿನ ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾಹ 1686ರಲ್ಲಿ ಔರಂಗಜೇಬನಿಗೆ ಬಿಜಾಪುರ ಒಪ್ಪಿಸಿದ. ಅವನೂ ಗಾದಿ ಕಳೆದುಕೊಂಡ. ಆದರೆ ಅದಕ್ಕೆ ಅಬ್ಡಿಕೇಟ್ ಅನ್ನುವುದಿಲ್ಲ. ಮುತ್ತಿಗೆಗೆ ಮಣಿದು ಶರಣಾದದ್ದು ಕ್ಯಾಪಿಚುಲೇಟ್. ಮೂರೂ ಪದದ ಮುಂದೆ 'ಬಿಟ್ಟುಕೊಡು' ಅಂತ ಬರೆದುಕೊಂಡರೆ ಮೂರೂ ಕಲಸಿಹೋಗುತ್ತವೆ.

ನಾನೂ ಅಂಥದೇ ನೋಟ್‌ಬುಕ್ ಇಟ್ಟುಕೊಂಡು ಎರಡು ವರ್ಷ ಹಾಳು ಮಾಡಿಕೊಂಡವನು. ಆಮೇಲೆ ಬೇರೆ ದಾರಿ ಹಿಡಿದೆ. ಈಗ ಹುಡುಗನಿಗೆ ಹೇಳಿಕೊಡುತ್ತಿರುವುದೂ ಅದನ್ನೇ. ಇದಕ್ಕೆ ಕ್ಲಾಸು, ಫೀ ಏನೂ ಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ಬೇಕು, ಒಂದು ಚಪ್ಪಲಿ ಡಬ್ಬಿ ಬೇಕು.

ಮೊದಲು: ಯಾವ ಪದ ಕಲಿಯಬೇಕು

ಎ ಇಂದ ಝಡ್‌ವರೆಗೆ ಹೊರಟವರು ಯಾರೂ ಝಡ್ ಮುಟ್ಟಿದ್ದನ್ನು ನಾನು ನೋಡಿಲ್ಲ. ಹೆಚ್ಚಿನವರು ಬಿ ಅಥವಾ ಸಿ ಹತ್ತಿರ ಸುಸ್ತಾಗುತ್ತಾರೆ. ಅದಕ್ಕೆ ಪಟ್ಟಿ ಹಿಡಿಯುವ ಮೊದಲು ಪದಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಮೊದಲನೆಯದು ದಿನಬಳಕೆಯ ಪದ: ಹೌಸ್, ಈಟ್, ಟಾಲ್. ಇವು ನಿಮಗೆ ಬರುತ್ತವೆ. ಮೂರನೆಯದು ಒಂದೇ ಕಸುಬಿಗೆ ಸೇರಿದ ಪದ. ಡಾಕ್ಟರ್, ವಕೀಲ, ಇಂಜಿನಿಯರ್ ಅವರವರ ಕೆಲಸದಲ್ಲಿ ಕಲಿಯುತ್ತಾರೆ. ನಮಗೆ ಬೇಕಾದದ್ದು ನಡುವಿನ ಗುಂಪು. ಪೇಪರಿನ ಸಂಪಾದಕೀಯದಲ್ಲಿ, ಕಾಲೇಜಿನ ಪುಸ್ತಕದಲ್ಲಿ, ಸರ್ಕಾರಿ ಸುತ್ತೋಲೆಯಲ್ಲಿ, ಕೋರ್ಟಿನ ಆದೇಶದಲ್ಲಿ ಎಲ್ಲ ಕಡೆ ಬರುವ ಪದಗಳು. ಆಂಬಿಗ್ಯುಯಸ್, ಇನ್ಕರ್, ಅಲೀವಿಯೇಟ್, ಸ್ಕೆಪ್ಟಿಕಲ್ ಅಂಥವು.

ಇದನ್ನು ಎಣಿಸಿ ನೋಡಿದವರಿದ್ದಾರೆ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್, ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಓದಲು ಕಲಿಸುತ್ತಾ ಈ ಕೆಲಸಕ್ಕೆ ಇಳಿದವರು. ತೀರಾ ಬೇಕಾದ ಸುಮಾರು 2000 ಪದಗಳ ಪಟ್ಟಿಯನ್ನು ಅವರು 1953ರಲ್ಲಿ ಹೊರತಂದರು. ಆಮೇಲೆ 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್, ಆ 2000 ಬಿಟ್ಟು, ಕಾಲೇಜು ಮಟ್ಟದ ಓದಿನಲ್ಲಿ ಎಲ್ಲ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು (ಒಂದು ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಆರಿಸಿದರು. ಅಂಥ ಓದಿನಲ್ಲಿ ನೂರು ಪದಕ್ಕೆ ಸುಮಾರು ಹತ್ತು ಈ 570ರಿಂದಲೇ ಬರುತ್ತವೆ. ಸಾವಿರಾರು ಪದಗಳ ದಪ್ಪ ಪುಸ್ತಕಕ್ಕೆ ದುಡ್ಡು ಕೊಡುವ ಮೊದಲು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಈ ಪಟ್ಟಿ ನೋಡಿ. ಅರ್ಧ ಗೊತ್ತಿದ್ದರೆ ಖುಷಿಪಡಿ, ಉಳಿದರ್ಧ ನಿಮ್ಮ ಮೊದಲ ಕೆಲಸ.

ಆಮೇಲೆ ನನ್ನದು ಒಂದೇ ನಿಯಮ. ಒಂದು ಪದ ಎರಡು ಬೇರೆ ಬೇರೆ ಕಡೆ ಕಣ್ಣಿಗೆ ಬಿದ್ದರೆ ಮಾತ್ರ ಅದನ್ನು ಕಲಿಯಬೇಕು. ಒಂದೇ ಸಲ ಕಂಡದ್ದಕ್ಕೆ ಕೆಳಗೆ ಗೆರೆ ಎಳೆದು ಮುಂದೆ ಹೋಗಿ. ಬೇಕಾದ ಪದವಾದರೆ ಅದೇ ಮತ್ತೆ ಬರುತ್ತದೆ. ದಿನಕ್ಕೆ ಮೂರು ಪದ, ವಾರಕ್ಕೆ ಆರು ದಿನ. ಏಳನೇ ದಿನ ಹೊಸ ಪದ ಬೇಡ. ವಾರಕ್ಕೆ 18 ಆಯಿತು, ವರ್ಷಕ್ಕೆ ಹಬ್ಬ ಹುಣ್ಣಿಮೆ ಕಳೆದು 50 ವಾರ ಹಿಡಿದರೂ 900. ಕಡಿಮೆ ಅನಿಸಿತಾ? ದಿನಕ್ಕೆ 30 ಕಲಿಯುತ್ತೇನೆ ಅಂದವರ ಹತ್ತಿರ ಒಂದು ತಿಂಗಳು ಬಿಟ್ಟು ಕೇಳಿ ನೋಡಿ.

ಪದವನ್ನು ಅದರ ಜಾಗದಲ್ಲೇ ಹಿಡಿಯಿರಿ

ಒಂದು ಭಾನುವಾರ ಹುಡುಗನನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ನೂರು ಸಲ ನೋಡಿದ ಗುಮ್ಮಟವೇ. ಈ ಸಲ ಮೇಲೆ ಹತ್ತಿ ಕೂಗು ಹಾಕಲಿಕ್ಕೆ ಅಲ್ಲ, ಬೋರ್ಡ್ ಓದಲಿಕ್ಕೆ. ಪುರಾತತ್ವ ಇಲಾಖೆಯ ನೀಲಿ ಬೋರ್ಡ್ ಗೊತ್ತಲ್ವಾ? ಸಂರಕ್ಷಿತ ಸ್ಮಾರಕ ಅಂತ ಶುರುವಾಗುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಎಲ್ಲಿ ಹೋದರೂ ಅದೇ ಒಕ್ಕಣೆ. ಅದು 1958ರ ಸ್ಮಾರಕ ಕಾಯ್ದೆಯ ಮಾತು. ಕೆಳಗಿನ ಸಾಲಿನಲ್ಲಿ ಏಳು ಕ್ರಿಯಾಪದಗಳು ಸಾಲಾಗಿ ನಿಂತಿವೆ: ಡಿಸ್ಟ್ರಾಯ್, ರಿಮೂವ್, ಇಂಜರ್, ಆಲ್ಟರ್, ಡಿಫೇಸ್, ಇಂಪೆರಿಲ್, ಮಿಸ್ಯೂಸ್. ಇವುಗಳಲ್ಲಿ ಯಾವುದನ್ನು ಮಾಡಿದರೂ ಶಿಕ್ಷೆ. 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

"ಎಲ್ಲಾ ಒಂದ ಅಲ್ರಿ ಕಾಕಾ? ಹಾಳು ಮಾಡಬ್ಯಾಡ್ರಿ ಅಂತ," ಅಂದ ಹುಡುಗ.

ಹಾಗಿದ್ದರೆ ಏಳು ಯಾಕೆ? ಅಲ್ಲೇ ಹುಲ್ಲಿನ ಮೇಲೆ ಕೂತು ಒಂದೊಂದೇ ಬಿಡಿಸಿದೆವು. ಡಿಸ್ಟ್ರಾಯ್ ಅಂದರೆ ಕೆಡವಿ ಇಲ್ಲದಂತೆ ಮಾಡುವುದು. ರಿಮೂವ್ ಮಾಡುವವನು ಏನನ್ನೂ ಒಡೆಯಬೇಕಿಲ್ಲ, ಒಂದು ಕೆತ್ತನೆಯ ಕಲ್ಲನ್ನು ಹಗೂರಕ್ಕೆ ಎತ್ತಿ ಮನೆಗೆ ಒಯ್ದರೆ ಸಾಕು. ಇಂಜರ್ ಅನ್ನುವುದನ್ನು ನಾವು ಮನುಷ್ಯರಿಗೆ, ಆಟಗಾರರಿಗೆ ಅಂದುಕೊಂಡಿದ್ದೇವೆ. ಕಾಯ್ದೆ ಅದನ್ನು ಕಲ್ಲಿಗೂ ಬಳಸಿದೆ: ಪೆಟ್ಟು ಮಾಡುವುದು. ಆಲ್ಟರ್ ಮಾಡುವವನ ಮನಸ್ಸು ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಚಂದ ಕಾಣಲಿ ಅಂತ ಒಂದು ಕಟ್ಟೆ ಕಟ್ಟಿದರೂ, ಬಾಗಿಲು ಕೂರಿಸಿದರೂ ಅದು ಇದ್ದದ್ದನ್ನು ಬದಲಿಸಿದಂತೆ. ಡಿಫೇಸ್ ಒಳಗೆ ಫೇಸ್ ಇದೆ ನೋಡಿ, ಮುಖ ಕೆಡಿಸುವುದು. ಗೋಡೆಯ ಮೇಲೆ ಮೊಳೆಯಿಂದ ತನ್ನ ಹೆಸರು, ಪಕ್ಕದಲ್ಲಿ ಬಾಣ ಚುಚ್ಚಿದ ಹೃದಯ, ಅದರ ಪಕ್ಕ ಇನ್ನೊಂದು ಹೆಸರು ಗೀಚುತ್ತಾರಲ್ಲ, ಅದು. ಗೋಡೆ ಬೀಳಲಿಲ್ಲ, ಕಲ್ಲು ಹೋಗಲಿಲ್ಲ, ಮುಖ ಮಾತ್ರ ಹೊಲಸಾಯಿತು. ಇಂಪೆರಿಲ್ ಒಳಗೆ ಪೆರಿಲ್ ಇದೆ, ಅಪಾಯ. ಇನ್ನೂ ಏನೂ ಆಗಿಲ್ಲ, ಆದರೆ ಬುನಾದಿಯ ಪಕ್ಕ ಗುಂಡಿ ತೋಡಿದ್ದಾನೆ. ಮಿಸ್ಯೂಸ್ ಅಂದರೆ ಸ್ಮಾರಕದ ಒಳಗೆ ದನ ಕಟ್ಟುವುದು, ಕಣಿಕೆ ಒಟ್ಟುವುದು.

ಅಷ್ಟೂ ಆದ ಮೇಲೆ ಹುಡುಗನೇ ಹೇಳಿದ: "ಅಂದ್ರ ಹೆಸರು ಗೀಚಿದಂವ, ನಾ ಏನೂ ಡಿಸ್ಟ್ರಾಯ್ ಮಾಡಿಲ್ರಿ ಅಂತ ತಪ್ಪಿಸ್ಕೊಳ್ಳಾಕ ಬರಂಗಿಲ್ಲ." ಹೌದು, ಒಂದೊಂದು ಪದ ಒಂದೊಂದು ಕಳ್ಳದಾರಿ ಮುಚ್ಚುತ್ತದೆ. ಆ ಏಳು ಪದ ಅವನು ಬಾಯಿಪಾಠ ಮಾಡಲಿಲ್ಲ. ಈಗ ಎಬ್ಬಿಸಿ ಕೇಳಿದರೂ ಹೇಳುತ್ತಾನೆ, ಪ್ರತಿಯೊಂದಕ್ಕೂ ಒಬ್ಬ ಕಳ್ಳನ ಮುಖ ಕಟ್ಟಿದ್ದಾನೆ.

ವಾಪಸ್ ಬರುವಾಗ ಬಾರಾ ಕಮಾನಿನ ಕಡೆಗೂ ಹೋದೆವು. ನೋಡಿದ ಕೂಡಲೇ "ಡಿಲ್ಯಾಪಿಡೇಟೆಡ್" ಅಂದ. ಹೊಸದಾಗಿ ಕಲಿತ ಪದ, ಬಾಯಲ್ಲಿ ತುರಿಸುತ್ತಿತ್ತು. ಆದರೆ ಡಿಲ್ಯಾಪಿಡೇಟೆಡ್ ಅಂದರೆ ಚೆನ್ನಾಗಿದ್ದದ್ದು ನೋಡುವವರಿಲ್ಲದೆ ಪಾಳು ಬಿದ್ದಿರುವುದು. ಲ್ಯಾಟಿನ್ನಿನಲ್ಲಿ ಲಾಪಿಸ್ ಅಂದರೆ ಕಲ್ಲು. ಎರಡನೇ ಅಲಿ ಆದಿಲ್ ಶಾಹನ ಈ ಗೋರಿ ಪೂರ್ತಿ ಕಟ್ಟಿ ಮುಗಿಯಲೇ ಇಲ್ಲ. ಅದಕ್ಕೆ ಅನ್‌ಫಿನಿಶ್ಡ್ ಅನ್ನುವ ಸಾದಾ ಪದವೇ ಸರಿ. ಪಾಳು ಬಿದ್ದ ವಾಡೆ ತೋರಿಸು ಅಂದರೆ ಅವನ ಊರಲ್ಲೇ ಒಂದಿದೆ.

ಗುಮ್ಮಟವೇ ಬೇಕೆಂದಿಲ್ಲ. ಬ್ಯಾಂಕಿನ ಸಾಲದ ಫಾರಂ, ಇನ್ಶೂರೆನ್ಸ್ ಕಾಗದ, ಔಷಧಿ ಡಬ್ಬಿಯ ಒಳಗಿನ ಮಡಿಚಿದ ಚೀಟಿ, ಇವು ಮೂರೂ ನಡುಗುಂಪಿನ ಪದಗಳ ಗಣಿ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿದರೆ ಇನ್ನೂ ಒಳ್ಳೆಯದು. ಪೂರ್ತಿ ತಿಳಿಯದಿದ್ದರೂ ಬಿಡಬೇಡಿ.

ಡಿಕ್ಷನರಿ ಹೀಗೆ ನೋಡಿ

ಮೊದಲು ಇಂಗ್ಲಿಷ್-ಇಂಗ್ಲಿಷ್, ಆಮೇಲೆ ಕನ್ನಡ. ಇಂಗ್ಲಿಷ್ ಅರ್ಥವೇ ಅರ್ಥವಾಗುವುದಿಲ್ಲ ಅನ್ನುವವರು ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ಹಿಡಿಯಲಿ. ಲಾಂಗ್‌ಮನ್ ಡಿಕ್ಷನರಿಯಲ್ಲಿ ಎಂಥ ಕಷ್ಟದ ಪದಕ್ಕೂ ಸುಮಾರು 2000 ಸುಲಭ ಪದಗಳ ಒಳಗೇ ಅರ್ಥ ಬಿಡಿಸಿರುತ್ತಾರೆ. ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಅರ್ಥಕ್ಕಿಂತ ಕೆಳಗಿನ ಉದಾಹರಣೆ ವಾಕ್ಯಗಳನ್ನು ಜಾಸ್ತಿ ಹೊತ್ತು ನೋಡಿ.

ಆಮೇಲೆ ಕನ್ನಡ. ಇಲ್ಲಿ ನಾನು ಹಟ ಹಿಡಿಯುವುದು ಒಂದಕ್ಕೆ: ಪುಸ್ತಕದ ಕನ್ನಡ ಬೇಡ, ಮನೆಯ ಕನ್ನಡ ಬರೆಯಿರಿ. ಗ್ಯಾರುಲಸ್ ಮುಂದೆ ಹುಡುಗ 'ವಾಚಾಳಿ' ಅಂತ ಬರೆದಿದ್ದ. ವಾಚಾಳಿ ಅಂತ ಅವನು ಯಾವತ್ತಾದರೂ ಯಾರನ್ನಾದರೂ ಬೈದಿದ್ದಾನಾ? ಓಣಿಯ ಹೆಸರು ಹೇಳಲಾಗದ ಒಬ್ಬರನ್ನು ನೆನಪಿಸಿಕೊಂಡು 'ವಟವಟ ಅನ್ನೋರು' ಅಂತ ಬದಲಿಸಿದ. ಮುಗಿಯಿತು, ಇನ್ನು ಮರೆಯುವುದಿಲ್ಲ. ಮೆಟಿಕ್ಯುಲಸ್ ಮುಂದೆ 'ಅತಿ ಸೂಕ್ಷ್ಮ' ಅಂತಿತ್ತು. ಇಳಕಲ್ ಸೀರೆ ನೇಯುವವರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಜೋಡಿಸುತ್ತಾರಲ್ಲ, ಒಂದು ಎಳೆ ತಪ್ಪಿದರೂ ಬಿಡದೆ? ಅವರು ಮೆಟಿಕ್ಯುಲಸ್.

ಪ್ರೊಕ್ರಾಸ್ಟಿನೇಟ್ ಅನ್ನುವ ಉದ್ದ ಪದಕ್ಕಂತೂ ಕನ್ನಡದಲ್ಲಿ ರೆಡಿ ಗುರುತು ಇದೆ. ಅದರ ಹೊಟ್ಟೆಯಲ್ಲಿರುವ ಕ್ರಾಸ್ ಲ್ಯಾಟಿನ್ನಿನಲ್ಲಿ 'ನಾಳೆ'. ಕೆಲಸವನ್ನು ನಾಳೆಗೆ ತಳ್ಳುವುದು ಪ್ರೊಕ್ರಾಸ್ಟಿನೇಟ್. ದೆವ್ವ ಬಂದು ಬಾಗಿಲು ಬಡಿದರೆ ವಾಪಸ್ ಹೋಗಲಿ ಅಂತ ಹಿಂದೆ ಗೋಡೆಯ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಆ ದೆವ್ವದ ಕೈಲಿ ನಮ್ಮವರು ಮಾಡಿಸಿದ್ದು ಅದನ್ನೇ.

ಮನೆಯ ಮಾತು ಯಾಕೆ ಮುಖ್ಯ ಅನ್ನುವುದಕ್ಕೆ ನಮ್ಮ ಕಡೆಯದೇ ಸಾಕ್ಷಿ ಇದೆ. ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯವರು, ಧಾರವಾಡ, ಹುಬ್ಬಳ್ಳಿ ಕಡೆ ಇದ್ದು ಕನ್ನಡ ಕಲಿತವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದ. ಅದನ್ನು ಬಿಡಿಸಿ ನೋಡಿ, ಪದದ ಮುಂದೆ ಬರೀ ಅರ್ಥ ಕೊಟ್ಟು ಸುಮ್ಮನಾಗಿಲ್ಲ. ಗಾದೆಗಳನ್ನು, ಬಳಕೆಗಳನ್ನು ಹುಡುಕಿ ತಂದು ಪಕ್ಕದಲ್ಲಿ ಕೂರಿಸಿದ್ದಾರೆ. ಹೊರಗಿನಿಂದ ಬಂದು ಒಂದು ಭಾಷೆ ಕಲಿತವರಿಗೆ ಗೊತ್ತಿತ್ತು, ಪದ ಒಂಟಿಯಾಗಿ ಕೈಗೆ ಸಿಗುವುದಿಲ್ಲ ಅಂತ.

ಪದದ ಜೊತೆಗಾರರು, ಪದದ ತೂಕ

ಕನ್ನಡದಲ್ಲಿ ಬೀಡಿ ಸೇದುತ್ತೇವೆ, ನಶ್ಯ ಏರಿಸುತ್ತೇವೆ, ಎಲೆ ಹಾಕಿಕೊಳ್ಳುತ್ತೇವೆ. 'ಬೀಡಿ ಹಾಕಿಕೊಂಡ' ಅಂದರೆ ಕೇಳಿದವರು ನಗುತ್ತಾರೆ. ವ್ಯಾಕರಣ ತಪ್ಪಿಲ್ಲ, ಜೊತೆ ತಪ್ಪಿದೆ. ಇಂಗ್ಲಿಷಿನಲ್ಲೂ ಹಾಗೇ. ಮಳೆ ಹೆವಿ, ಗಾಳಿ ಸ್ಟ್ರಾಂಗ್. ಅದನ್ನು ತಿರುಗಿಸಿದರೆ ಕಿವಿಗೆ ಚುಚ್ಚುತ್ತದೆ. ಗಟ್ಟಿ ಪದಗಳಿಗೆ ಈ ಜೊತೆಯ ಕಟ್ಟು ಇನ್ನೂ ಬಿಗಿ.

ಬರಗಾಲದ ಮಾತೇ ತೆಗೆದುಕೊಳ್ಳಿ, ನಮಗೆ ಅದು ಹೇಳಿಕೊಡಬೇಕಿಲ್ಲ. ಕೃಷಿಹೊಂಡ ತೋಡಿ, ಕೆರೆ ತುಂಬಿಸಿ ಬರದ ಪೆಟ್ಟನ್ನು ಮುಂಚೆಯೇ ಕಡಿಮೆ ಮಾಡುವುದು ಮಿಟಿಗೇಟ್. ಅದರ ಜೊತೆಗಾರರು ರಿಸ್ಕ್, ಡ್ಯಾಮೇಜ್, ಎಫೆಕ್ಟ್. ಬರ ಬಿದ್ದ ಮೇಲೆ ಟ್ಯಾಂಕರ್ ಕಳಿಸಿ, ಮೇವಿನ ಬ್ಯಾಂಕ್ ತೆರೆದು ಜನರ ಸಂಕಟ ತುಸು ಹಗುರ ಮಾಡುವುದು ಅಲೀವಿಯೇಟ್. ಅದು ಪೇನ್, ಸಫರಿಂಗ್, ಪಾವರ್ಟಿ ಜೊತೆ ಓಡಾಡುತ್ತದೆ. ನೀರಿಲ್ಲದ ಹೊತ್ತಲ್ಲೇ ಕರೆಂಟೂ ಕೈಕೊಟ್ಟು ಇದ್ದ ತಾಪತ್ರಯ ಹೆಚ್ಚಾದರೆ ಎಕ್ಸಾಸರ್ಬೇಟ್. ಇದು ಕೆಟ್ಟದ್ದರ ಜೊತೆ ಮಾತ್ರ ಬರುತ್ತದೆ, ಖುಷಿಯನ್ನು ಯಾರೂ ಎಕ್ಸಾಸರ್ಬೇಟ್ ಮಾಡುವುದಿಲ್ಲ. ಇಂಡಿಯ ಲಿಂಬೆ ಬೆಳೆಗಾರ ಗಿಡ ಉಳಿಸಲು ಟ್ಯಾಂಕರಿಗೆ ದುಡ್ಡು ಸುರಿದು ಲಾಸ್ ತಲೆಮೇಲೆ ಹಾಕಿಕೊಂಡರೆ ಇನ್ಕರ್. ಲಾಸ್, ಡೆಟ್, ಎಕ್ಸ್‌ಪೆನ್ಸ್ ಇವುಗಳನ್ನು ಇನ್ಕರ್ ಮಾಡುತ್ತೇವೆ, ಪ್ರಾಫಿಟ್ ಅನ್ನು ಅಲ್ಲ. ನಾಲ್ಕು ಪದ, ಒಂದೇ ಕಥೆ. ಹೀಗೆ ಕಲಿತರೆ ಒಂದನ್ನೊಂದು ಎಳೆದುಕೊಂಡು ಬರುತ್ತವೆ.

ಇನ್ನು ತೂಕ. ದುಡ್ಡು ಹಿಡಿದು ಖರ್ಚು ಮಾಡುವವರಿಗೆ ಕನ್ನಡದಲ್ಲಿ ಎಷ್ಟು ಮಾತಿದೆ? 'ಕೈ ಬಿಗಿಹಿಡಿದು ಸಂಸಾರ ಮಾಡ್ತಾಳ' ಅಂದರೆ ಮೆಚ್ಚುಗೆ. 'ಜಿಪುಣ' ಅಂದರೆ ಬೈಗುಳ. 'ಎಂಜಲ ಕೈಲಿ ಕಾಗೆ ಓಡಿಸಲ್ಲ' ಅಂದರೆ ಮರ್ಯಾದೆಯೇ ಹೋಯಿತು. ಇಂಗ್ಲಿಷಿನಲ್ಲಿ ಫ್ರೂಗಲ್, ಥ್ರಿಫ್ಟಿ ಎರಡೂ ಮೆಚ್ಚುಗೆಯ ಕಡೆ. ಸ್ಟಿಂಜಿ ಬೈಗುಳ. ಪಾರ್ಸಿಮೋನಿಯಸ್ ಕೂಡ ಬೈಗುಳವೇ, ಪುಸ್ತಕದ ಅಂಗಿ ತೊಟ್ಟಿದೆ ಅಷ್ಟೇ. ಆದ್ದರಿಂದ ಪ್ರತಿ ಪದದ ಪಕ್ಕ ಒಂದು ಗುರುತು ಹಾಕಿ: ಹೊಗಳಿಕೆಗೆ ಕೂಡಿಸುವ ಗುರುತು, ತೆಗಳಿಕೆಗೆ ಕಳೆಯುವ ಗುರುತು, ಎರಡೂ ಅಲ್ಲದಿದ್ದರೆ ಸೊನ್ನೆ.

ಈ ಗುರುತು ಹಾಕದೆ ನಾನು ಕೆಟ್ಟ ಕಥೆ ಕೇಳಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಹಿರಿಯರೊಬ್ಬರು ನಿವೃತ್ತರಾದರು. ಸೈಕಲ್ ಮೇಲೆ ಬರುತ್ತಿದ್ದರು, ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು, ಯಾರ ಚಹಾದ ಹಂಗಿಗೂ ಬಿದ್ದವರಲ್ಲ. ಬೀಳ್ಕೊಡುಗೆಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬೇಕು ಅಂತ ನನಗೆ ಹೇಳಿದ್ದರು. ಅವರದು ಸಿಂಪಲ್ ಲೈಫ್ ಅನ್ನಬೇಕಿತ್ತು. ಸಿಂಪಲ್ ತೀರಾ ಸಣ್ಣ ಪದ ಅನಿಸಿತು. ಸಿಂಪ್ಲಿಸ್ಟಿಕ್ ಅಂದೆ, ಅದೂ ಎರಡು ಸಲ. ಚಪ್ಪಾಳೆಯೂ ಬಿತ್ತು. ಊಟದ ಹೊತ್ತಿಗೆ ಅತಿಥಿಯಾಗಿ ಬಂದಿದ್ದ ಇಂಗ್ಲಿಷ್ ಮೇಷ್ಟ್ರು ಪಕ್ಕಕ್ಕೆ ಬಂದು, ಹೋಳಿಗೆ ಮುರಿಯುತ್ತಾ, "ಮಾತು ಛಲೋ ಇತ್ರಿ. ಸಿಂಪಲ್ ಅಂದಿದ್ರ ಇನ್ನೂ ಛಲೋ ಇರ್ತಿತ್ತು," ಅಂದರು. ಮನೆಗೆ ಬಂದು ಡಿಕ್ಷನರಿ ತೆಗೆದೆ. ಸಿಂಪ್ಲಿಸ್ಟಿಕ್ ಅಂದರೆ ತೊಡಕಾದ ವಿಷಯವನ್ನು ತಲೆ ಓಡಿಸದೆ ಅತಿ ಸುಲಭ ಅಂದುಕೊಳ್ಳುವುದು. 30 ವರ್ಷ ಸರಳವಾಗಿ ಬದುಕಿದವರನ್ನು ತಲೆ ಓಡಿಸದವರು ಅಂತ ಮೈಕಿನಲ್ಲಿ ಸಾರಿದ್ದೆ.

ಇಂಥ ಜೋಡಿಗಳನ್ನು ಒಟ್ಟಿಗೇ ಕಲಿಯಿರಿ. ಎಕ್ಸಾಸ್ಟಿವ್ ಲೆಕ್ಚರ್ ಅಂದರೆ ವಿಷಯ ಪೂರ್ತಿ ಮುಟ್ಟಿದ್ದು, ಎಕ್ಸಾಸ್ಟಿಂಗ್ ಲೆಕ್ಚರ್ ಅಂದರೆ ಕೇಳಿದವರು ಸುಸ್ತಾದದ್ದು. ನ್ಯಾಯಾಧೀಶರು ಡಿಸ್‌ಇಂಟರೆಸ್ಟೆಡ್ ಆಗಿರಬೇಕು, ಅಂದರೆ ಯಾರ ಪರವೂ ಇಲ್ಲದವರು. ಅನ್‌ಇಂಟರೆಸ್ಟೆಡ್ ಆದರೆ ಅವರಿಗೆ ಕೇಸಿನಲ್ಲೇ ಆಸಕ್ತಿ ಇಲ್ಲ ಅಂತ.

ಬೇರು ಹಿಡಿದು ಎಳೆಯುವುದು

ಬೇರುಗಳ ಪಟ್ಟಿ ನೂರಾರು ಇದೆ. ಹತ್ತಿಪ್ಪತ್ತು ಸಾಕು. ಸ್ಪೆಕ್ಟ್ ಅಂದರೆ ನೋಡು: ಇನ್‌ಸ್ಪೆಕ್ಟರ್ ಒಳಹೊಕ್ಕು ನೋಡುವವನು, ರೆಟ್ರೊಸ್ಪೆಕ್ಟ್ ಹಿಂದಿರುಗಿ ನೋಡುವುದು, ಇಂಟ್ರೊಸ್ಪೆಕ್ಟ್ ತನ್ನೊಳಗೆ ನೋಡಿಕೊಳ್ಳುವುದು. ಸರ್ಕಮ್ ಅಂದರೆ ಸುತ್ತ. ಎರಡನ್ನೂ ಸೇರಿಸಿದರೆ ಸರ್ಕಮ್‌ಸ್ಪೆಕ್ಟ್, ಸುತ್ತ ನೋಡಿ ಹೆಜ್ಜೆ ಇಡುವವರು. ಸಂಜೆ ಹೊತ್ತು ಗಾಂಧಿ ಚೌಕದಲ್ಲಿ ರಸ್ತೆ ದಾಟುವಾಗ ನಾವೆಲ್ಲ ಸರ್ಕಮ್‌ಸ್ಪೆಕ್ಟ್.

ನನಗೆ ಬಹಳ ಇಷ್ಟವಾದ ಬೇರು ನಮ್ಮ ಮನೆಯ ಗೂಟಕ್ಕೇ ನೇತುಬಿದ್ದಿದೆ. ಈ ಕಡೆ ನಾವು ಕೀಲಿಗೆ ಚಾವಿ ಅನ್ನುತ್ತೇವೆ. ಅದು ಪೋರ್ಚುಗೀಸರ ಶಾವೆ, ಅದರ ಮೂಲ ಲ್ಯಾಟಿನ್ನಿನ ಕ್ಲಾವಿಸ್. ಅದೇ ಕ್ಲಾವಿಸ್ ಇಂಗ್ಲಿಷಿನಲ್ಲಿ ಕಾನ್‌ಕ್ಲೇವ್ ಒಳಗೆ ಕೂತಿದೆ: ಕೀಲಿ ಹಾಕಿದ ಕೋಣೆ. ಪೋಪ್ ಆಯ್ಕೆಗೆ ಕಾರ್ಡಿನಲ್‌ಗಳನ್ನು ಒಳಗಿಟ್ಟು ಬಾಗಿಲು ಹಾಕುತ್ತಾರಲ್ಲ, ಅಲ್ಲಿಂದ ಬಂದ ಬಳಕೆ. ಎನ್‌ಕ್ಲೇವ್ ಅಂದರೆ ನಾಲ್ಕೂ ಕಡೆ ಬೇರೆಯವರ ಜಾಗದ ನಡುವೆ ಕೀಲಿ ಬಿದ್ದಂತೆ ಉಳಿದ ಪ್ರದೇಶ. ಕ್ಲಾವಿಕಲ್ ಅಂದರೆ ಪುಟ್ಟ ಚಾವಿ, ಕುತ್ತಿಗೆಯ ಕೆಳಗಿನ ಎಲುಬಿನ ಹೆಸರು. ಹುಡುಗ ಈಗ ಬೈಕಿನ ಚಾವಿ ಕೇಳುವಾಗೆಲ್ಲ ಕ್ಲಾವಿಸ್ ಕೊಡ್ರಿ ಅನ್ನುತ್ತಾನೆ.

ಬೇರು ಮೋಸವನ್ನೂ ಮಾಡುತ್ತದೆ. ಮಲೇರಿಯಾ ಇಟಾಲಿಯನ್ನಿನಲ್ಲಿ 'ಕೆಟ್ಟ ಗಾಳಿ'. ಗಾಳಿಯಿಂದ ಬರುತ್ತದೆ ಅಂದುಕೊಂಡು ಇಟ್ಟ ಹೆಸರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಅದರ ಪರಾವಲಂಬಿಯನ್ನು ಕಂಡರು. ಹೆಸರು ಮಾತ್ರ ಹಾಗೇ ಉಳಿಯಿತು. ಇನ್ನೊಂದು ಮೋಸ ಪ್ರಾಣಕ್ಕೇ ಸಂಚಕಾರ. ಇನ್ ಅಂತ ಶುರುವಾದರೆ 'ಇಲ್ಲ' ಅಂತ ಕಲಿಸುತ್ತಾರೆ: ಇನ್‌ಕರೆಕ್ಟ್, ಇನ್‌ವಿಸಿಬಲ್. ಆ ಲೆಕ್ಕದಲ್ಲಿ ಟ್ಯಾಂಕರಿನ ಹಿಂದೆ ಬರೆದ ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹತ್ತದ್ದು ಅಂತಾಗಬೇಕು. ಅದರ ಅರ್ಥ ಪೂರ್ತಿ ಉಲ್ಟಾ, ಬೇಗ ಬೆಂಕಿ ಹತ್ತುವಂಥದ್ದು. ಬೇರಿನಿಂದ ಊಹೆ ಮಾಡಿ, ಆದರೆ ಡಿಕ್ಷನರಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಚಪ್ಪಲಿ ಡಬ್ಬಿ

ಕಲಿತದ್ದು ಎಷ್ಟು ಬೇಗ ಹಾರಿಹೋಗುತ್ತದೆ ಅನ್ನುವುದನ್ನು ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಬರೆದಿಟ್ಟ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡುವುದು, ಹೊತ್ತು ಬಿಟ್ಟು ಎಷ್ಟು ಉಳಿದಿದೆ ನೋಡುವುದು. ಹೆಚ್ಚಿನದು ಮೊದಲ ದಿನದಲ್ಲೇ ಹೋಗುತ್ತಿತ್ತು. ಆದರೆ ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಿಕೊಂಡರೆ ಪ್ರತಿ ಸಲವೂ ಅದು ಇನ್ನಷ್ಟು ದಿನ ನಿಲ್ಲುತ್ತದೆ. ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಬರಹಗಾರ 1972ರಲ್ಲಿ ಇದನ್ನು ಒಂದು ಡಬ್ಬಿಗೆ ಇಳಿಸಿದ.

ಡಬ್ಬಿಯಲ್ಲಿ ರಟ್ಟು ನಿಲ್ಲಿಸಿ ಐದು ಖಾನೆ ಮಾಡಿ. ಚೀಟಿಗೆ ಹಳೆಯ ಲಗ್ನಪತ್ರಿಕೆ ಕತ್ತರಿಸಿ, ದಪ್ಪ ಇರುತ್ತದೆ, ಹಿಂಬದಿ ಖಾಲಿ ಇರುತ್ತದೆ. ಲಗ್ನದ ಸೀಸನ್ ಮುಗಿದ ಮೇಲೆ ಯಾವ ಮನೆಯಲ್ಲೂ ಕೊರತೆ ಇಲ್ಲ. ಅಚ್ಚಾದ ಕಡೆಗೆ ಬಿಳಿ ಹಾಳೆ ಅಂಟಿಸಿಕೊಂಡರೆ ಎರಡೂ ಕಡೆ ಬರೆಯಬಹುದು.

ಚೀಟಿಯ ಮುಂದೆ ಪದ ಬರೆಯಬೇಡಿ. ಆ ಪದ ಬರುವ ವಾಕ್ಯ ಬರೆದು, ಪದದ ಜಾಗ ಖಾಲಿ ಬಿಡಿ. ಮೊದಲ ಅಕ್ಷರ ಮಾತ್ರ ಕೊಡಿ. ಹಿಂದೆ ಪದ, ಅದನ್ನು ಹೇಳುವ ರೀತಿ, ಮನೆಗನ್ನಡದ ಅರ್ಥ, ಇಬ್ಬರು ಜೊತೆಗಾರರು, ತೂಕದ ಗುರುತು. ಇಷ್ಟು ಬರೆಯಲು ಐದು ನಿಮಿಷ ಹಿಡಿಯುತ್ತದೆ. ಹಿಡಿಯಲಿ. ದಿನಕ್ಕೆ ಮೂರೇ ಪದ ಅಂದದ್ದು ಅದಕ್ಕೇ.

ಹೊಸ ಚೀಟಿ ಮೊದಲ ಖಾನೆಗೆ. ಮೊದಲ ಖಾನೆಯನ್ನು ದಿನಾ ನೋಡಿ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ ಬಡ್ತಿ. ತಪ್ಪಿದರೆ ಎಲ್ಲಿದ್ದರೂ ಸೀದಾ ಮೊದಲ ಖಾನೆಗೆ. ಉತ್ತರ ನೋಡುವ ಮೊದಲು ಹತ್ತು ಎಣಿಸುವಷ್ಟು ಹೊತ್ತು ತಿಣುಕಾಡಿ. ಆ ತಿಣುಕಾಟದಲ್ಲೇ ಕೆಲಸ ಆಗುವುದು. ಸುಮ್ನೆ ಚೀಟಿ ತಿರುವಿ ತಿರುವಿ ಓದಿದರೆ ಎಲ್ಲ ಗೊತ್ತಿದೆ ಅನಿಸುತ್ತದೆ, ಪರೀಕ್ಷೆಯಲ್ಲಿ ಏನೂ ಬರುವುದಿಲ್ಲ.

ಮೊಬೈಲಿನಲ್ಲಿ ಇದೇ ಕೆಲಸ ಮಾಡುವ ಆಂಕಿ ಅನ್ನುವ ಆ್ಯಪ್ ಇದೆ. 2006ರಲ್ಲಿ ಮೊದಲು ಕಂಪ್ಯೂಟರಿಗೆ ಬಂದದ್ದು, ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ಯಾವ ಚೀಟಿ ಯಾವತ್ತು ಅನ್ನುವ ಲೆಕ್ಕ ಅದೇ ಇಡುತ್ತದೆ. ಒಳ್ಳೆಯದೇ. ಆದರೆ ಮೊಬೈಲ್ ಕೈಗೆತ್ತಿಕೊಂಡವರು ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಅಂತ ನಿಮಗೂ ಗೊತ್ತು. ಮೊದಲ ಮೂರು ತಿಂಗಳು ಡಬ್ಬಿಯೇ ಇರಲಿ.

ಬಾಯಿಗೆ ತನ್ನಿ

ಕನ್ನಡ ಬರೆದಂತೆ ಓದುವ ಭಾಷೆ. ಆ ರೂಢಿ ಇಂಗ್ಲಿಷಿನಲ್ಲಿ ಕೈಕೊಡುತ್ತದೆ. ಎಪಿಟೋಮ್ ಅಂತ ಓದುತ್ತೇವೆ, ಅದು ಎಪಿಟಮಿ. ಹೈಪರ್‌ಬೋಲ್ ಅಲ್ಲ, ಹೈಪರ್‌ಬಲಿ. ಇಂಡಿಕ್ಟ್ ಅಲ್ಲ, ಇಂಡೈಟ್. ಸಟಲ್ ಒಳಗಿನ ಬಿ ಬಾಯಿಗೆ ಬರುವುದಿಲ್ಲ. ಫೋಟೋಗ್ರಾಫ್ ಅನ್ನುವಾಗ ಒತ್ತು ಮೊದಲಿಗೆ, ಫಟಾಗ್ರಫಿ ಅನ್ನುವಾಗ ನಡುವಿಗೆ. ಆನ್‌ಲೈನ್ ಡಿಕ್ಷನರಿಯಲ್ಲಿ ಸ್ಪೀಕರ್ ಗುರುತು ಒತ್ತಿ ಮೂರು ಸಲ ಕೇಳಿ, ಮೂರು ಸಲ ಜೋರಾಗಿ ಹೇಳಿ. ಮನೆಯವರು ನಗುತ್ತಾರೆ, ನಗಲಿ.

ಹೊಸ ಪದವನ್ನು ಮೊದಲೆರಡು ದಿನ ಕನ್ನಡದ ವಾಕ್ಯದೊಳಗೇ ಬಳಸಿ. ಇದಕ್ಕೆ ಕೆಲವರು ಮೂಗು ಮುರಿಯುತ್ತಾರೆ, ನನಗೆ ಇದರಿಂದ ಲಾಭವೇ ಆಗಿದೆ. "ಚಿಲ್ಲರ ಕೇಳಿದ್ರ ಕಂಡಕ್ಟರ್ ಭಾಳ ನಾನ್‌ಶಲಾಂಟ್ ಆಗಿ ಕಿಟಕಿ ಕಡೆ ನೋಡ್ದ," ಅಂತ ಹುಡುಗ ಬಂದು ಹೇಳಿದ ದಿನ, ಏನೂ ಆಗೇ ಇಲ್ಲ ಅನ್ನುವಂತೆ ಇರುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅನ್ನುವುದು ಅವನ ಮೈಗೆ ಹತ್ತಿತ್ತು. ಮೂರನೇ ದಿನ ಅದೇ ಸಂಗತಿ ಪೂರ್ತಿ ಇಂಗ್ಲಿಷಿನಲ್ಲಿ. ವಾಕ್ಯ ನಿಜವಾಗಿ ನಡೆದದ್ದರ ಬಗ್ಗೆ ಇರಲಿ.

ಪರೀಕ್ಷೆ ಬರೆಯುವವರಿಗೆ ಎರಡೇ ಮಾತು. ಎಸ್‌ಎಸ್‌ಸಿ ಸಿಜಿಎಲ್ (ಕೇಂದ್ರ ಸರ್ಕಾರಿ ನೌಕರಿಯ ಪರೀಕ್ಷೆ) ಮೊದಲ ಹಂತದಲ್ಲಿ 100 ಪ್ರಶ್ನೆಗೆ 25 ಇಂಗ್ಲಿಷ್, ತಲಾ 2 ಅಂಕ, ತಪ್ಪಿಗೆ ಅರ್ಧ ಅಂಕ ಕಟ್. ಅಲ್ಲಿ ಸಮಾನಾರ್ಥಕ ಪದ ಕೇಳುವಾಗ ನಾಲ್ಕು ಆಯ್ಕೆಗಳಲ್ಲಿ ಎರಡು ಹತ್ತಿರ ಹತ್ತಿರ ಇರುತ್ತವೆ. ನಡುಗೆರೆ ನೋಟ್‌ಬುಕ್ಕಿನವರು ಜಾರುವುದು ಅಲ್ಲೇ. ಐಇಎಲ್‌ಟಿಎಸ್ (ವಿದೇಶಕ್ಕೆ ಓದಲು, ದುಡಿಯಲು ಹೋಗುವವರ ಇಂಗ್ಲಿಷ್ ಪರೀಕ್ಷೆ) ಬರೆಯುವವರಿಗೆ ಬರವಣಿಗೆ ಮತ್ತು ಮಾತು ಎರಡರಲ್ಲೂ ಕಾಲು ಭಾಗ ಅಂಕ ಪದಬಳಕೆಗೆ. ಅವರು ನೋಡುವುದು ಪದ ಎಷ್ಟು ಉದ್ದ ಅಂತ ಅಲ್ಲ, ಸರಿಯಾದ ಜೊತೆಯಲ್ಲಿ ಬಂದಿದೆಯಾ ಅಂತ.

ಇನ್ನು ಹಟಮಾರಿ ಚೀಟಿಗಳು. ಎಷ್ಟು ಸಲ ಬಡ್ತಿ ಕೊಟ್ಟರೂ ಮೊದಲ ಖಾನೆಗೇ ವಾಪಸ್ ಬರುವವು ಕೆಲವು ಇರುತ್ತವೆ. ಮೂರು ಸಲ ವಾಪಸ್ ಬಂದರೆ ಆ ವಾಕ್ಯ ಬಿಟ್ಟು ನಿಮ್ಮ ಮನೆಯದೇ ಒಂದು ಸಂಗತಿ ಇಟ್ಟು ಹೊಸ ಚೀಟಿ ಬರೆಯಿರಿ. ಅದೂ ನಿಲ್ಲದಿದ್ದರೆ ಹರಿದು ಹಾಕಿ. ನಾನು ಹೋದ ತಿಂಗಳು ಒಂದನ್ನು ಹರಿದು ಹಾಕಿದೆ. ಯಾವ ಪದ ಅಂತ ಹುಡುಗ ಕೇಳಿದ. ನೆನಪಾಗಲಿಲ್ಲ.